ನಗರಸಭೆ, ಪಂಚಾಯಿತಿ ಮೇಲೆ ಕೇಸ್ ಗೆದ್ದೆವು, ಖರ್ಚು ವಾಪಸ್ ಸಿಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಖಾತೆ ರದ್ದು, ಒತ್ತುವರಿ ನೋಟಿಸ್, ಮನೆ ಮುಂದಿನ ಚರಂಡಿ, ತಪ್ಪು ಕಂದಾಯ, ಅಂಗಡಿ ಲೈಸೆನ್ಸ್. ಇಂಥ ಯಾವುದೋ ಒಂದಕ್ಕೆ ಸ್ಥಳೀಯ ಸಂಸ್ಥೆ ಮೇಲೆ ಕೋರ್ಟಿಗೆ ಹೋಗಿ ಬಂದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕರ್ನಾಟಕದ ಮಟ್ಟಿಗೆ ಮಾತ್ರ. ಮೊದಲೇ ಒಂದು ಮಾತು: ಖರ್ಚು ವಸೂಲಿಯ ಕೆಲಸ ಕೇಸ್ ಹಾಕುವ ದಿನವೇ ಶುರುವಾಗಬೇಕು. ತೀರ್ಪು ಬಂದ ಮೇಲೆ ಎಚ್ಚೆತ್ತವರಿಗೆ ಸಿಗುವುದು ತೀರಾ ಕಡಿಮೆ. ನಿಮ್ಮ ಕೇಸಿನ ಸೂಕ್ಷ್ಮ ನಿಮ್ಮ ವಕೀಲರಿಗೇ ಗೊತ್ತಿರುತ್ತದೆ, ಇದನ್ನು ಓದಿಕೊಂಡು ಅವರ ಹತ್ತಿರ ಕೂತು ಮಾತಾಡಿ.

## ಮೊದಲ ಪ್ರಶ್ನೆಗಳು

ಕೇಸ್ ಗೆದ್ದಿದ್ದೀನಿ. ಪುರಸಭೆಯವರು ನನ್ನ ವಕೀಲರ ಫೀಸ್ ಕೊಡಲೇಬೇಕಲ್ವಾ?

ಕೋರ್ಟ್ ಹೇಳಿದ್ದರೆ ಮಾತ್ರ ಕೊಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 35ರ ಪ್ರಕಾರ ಖರ್ಚು ಯಾರು ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಅನ್ನುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಸಾಮಾನ್ಯ ನಿಯಮ ಸೋತವರು ಗೆದ್ದವರಿಗೆ ಕೊಡಬೇಕು ಅನ್ನುವುದೇ. ಕೊಡಿಸುವುದಿಲ್ಲ ಅಂದರೆ ಯಾಕೆ ಅಂತ ನ್ಯಾಯಾಧೀಶರು ಕಾರಣ ಬರೆಯಬೇಕು. ಎದುರಾಳಿ ಪಂಚಾಯಿತಿ, ಪುರಸಭೆ, ಪಾಲಿಕೆ ಅನ್ನುವ ಕಾರಣಕ್ಕೆ ಇದರಲ್ಲಿ ಯಾವ ವಿನಾಯಿತಿಯೂ ಇಲ್ಲ.

ನಿಮ್ಮ ತೀರ್ಪಿನ ಕೊನೆಯ ಪುಟ ತೆಗೆದು ನೋಡಿ. 'ದಾವೆಯನ್ನು ಖರ್ಚು ಸಮೇತ ಡಿಕ್ರಿ ಮಾಡಲಾಗಿದೆ' ಅಂತ ಇದ್ದರೆ ನೀವು ಹಕ್ಕುದಾರರು. 'ಉಭಯ ಪಕ್ಷಗಳು ತಮ್ಮ ತಮ್ಮ ಖರ್ಚನ್ನು ತಾವೇ ಭರಿಸತಕ್ಕದ್ದು' ಅಂತ ಇದ್ದರೆ ಕಚೇರಿಗೆ ಹೋಗಿ ಕೇಳುವುದಕ್ಕೆ ಏನೂ ಉಳಿದಿಲ್ಲ.

ನಾನು ವಕೀಲರಿಗೆ ಕೊಟ್ಟಿದ್ದು 60 ಸಾವಿರ. ಡಿಕ್ರಿಯಲ್ಲಿ ನೋಡಿದ್ರೆ 2 ಸಾವಿರ ಚಿಲ್ಲರೆ ಬರೆದಿದ್ದಾರೆ. ಇದ್ಯಾವ ನ್ಯಾಯ ಸ್ವಾಮಿ?

ಎಲ್ಲರೂ ಬೆಚ್ಚಿ ಬೀಳುವ ಜಾಗ ಇದು. ತೀರ್ಪಿನ ಪ್ರಕಾರ ಕೋರ್ಟ್ ಬರೆದುಕೊಡುವ ಡಿಕ್ರಿಯ ಹಿಂಭಾಗದಲ್ಲಿ ಒಂದು ಪುಟ್ಟ ಕೋಷ್ಟಕ ಇರುತ್ತದೆ. ಒಂದು ಕಡೆ ವಾದಿ, ಇನ್ನೊಂದು ಕಡೆ ಪ್ರತಿವಾದಿ. ಸಾಲುಗಳು ಹೀಗೆ: ದಾವಾ ಪತ್ರದ ಮೇಲಿನ ಸ್ಟ್ಯಾಂಪು, ವಕಾಲತ್ತಿನ ಸ್ಟ್ಯಾಂಪು, ದಾಖಲೆಗಳ ಸ್ಟ್ಯಾಂಪು, ವಕೀಲರ ಫೀಸು, ಸಾಕ್ಷಿಗಳ ಭತ್ಯೆ, ಕೋರ್ಟ್ ನೇಮಿಸಿದ ಕಮಿಷನರ್ ಫೀಸು, ಸಮನ್ಸ್ ಜಾರಿ ಖರ್ಚು. ಕೋರ್ಟ್ ಕಚೇರಿಯವರು ಕಡತದಲ್ಲಿ ಇರುವುದನ್ನು ನೋಡಿ ಇದನ್ನು ತುಂಬುತ್ತಾರೆ. ಅಲ್ಲಿ 'ವಕೀಲರ ಫೀಸು' ಅಂದರೆ ನಿಯಮದಲ್ಲಿ ಗೊತ್ತು ಮಾಡಿರುವ ಫೀಸು, ನೀವು ಎಣಿಸಿ ಕೊಟ್ಟದ್ದಲ್ಲ. ಬರೀ ತಡೆಯಾಜ್ಞೆ ಕೇಳುವ ದಾವೆಗಳಲ್ಲಿ ದಾವೆಯ ಬೆಲೆ 1,000 ರೂಪಾಯಿ ಅಂತ ತೋರಿಸಿ 25 ರೂಪಾಯಿ ಕೋರ್ಟ್ ಫೀ ಕಟ್ಟುವುದು ನಮ್ಮ ಕಡೆ ರೂಢಿ. ಕಟ್ಟುವಾಗ ಅದು ಖುಷಿ, ಆದರೆ ಕೋಷ್ಟಕದಲ್ಲಿ ವಾಪಸ್ ಬರುವ ಕೋರ್ಟ್ ಫೀಯೂ ಅದೇ 25.

ನಿಜವಾದ ಖರ್ಚು ಕೊಡಿಸಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಹೇಳಿತ್ತು. ಗೆದ್ದವರು ಕಳೆದುಕೊಂಡ ಸಮಯ, ಓಡಾಟ, ಉಳಿದುಕೊಂಡ ಖರ್ಚು, ವಕೀಲರ ಫೀಸು ಎಲ್ಲವೂ ಇರಬೇಕು, ಆದರೆ ಅದು ನ್ಯಾಯಯುತ ಮಟ್ಟದಲ್ಲಿರಬೇಕು ಅಂತ. ಆಮೇಲೆ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ನಿಜವಾದ ಖರ್ಚು ಅಂತಲೇ 45 ಲಕ್ಷಕ್ಕೂ ಜಾಸ್ತಿ ಕೊಡಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನಿಯಮದಲ್ಲಿ ಎಷ್ಟಿದೆಯೋ ಅಷ್ಟೇ ಕೊಡಿಸಬಹುದು, ಜಾಸ್ತಿ ಬೇಕಿದ್ದರೆ ನಿಯಮ ಬದಲಾಗಲಿ ಅಂದಿತು. ಕಾನೂನು ಆಯೋಗವೂ 2012ರಲ್ಲಿ ತನ್ನ 240ನೇ ವರದಿಯನ್ನು ಪೂರ್ತಿ ಈ ವಿಷಯಕ್ಕೇ ಮೀಸಲಿಟ್ಟಿತು. ಇಷ್ಟೆಲ್ಲ ಆದರೂ ತಾಲ್ಲೂಕು ಕೋರ್ಟಿನ ಡಿಕ್ರಿಯ ಹಿಂದಿನ ಆ ಕೋಷ್ಟಕ ಹೆಚ್ಚೇನೂ ಬದಲಾಗಿಲ್ಲ. ಪೂರ್ತಿ 60 ಸಾವಿರ ಬರುತ್ತದೆ ಅಂತ ಯಾರಾದರೂ ನಿಮಗೆ ಹೇಳಿದ್ದರೆ ಅದನ್ನು ನಂಬಬೇಡಿ.

ಹಾಗಾದ್ರೆ ಯಾವ್ಯಾವ ಖರ್ಚು ಲೆಕ್ಕಕ್ಕೆ ಬರುತ್ತೆ?

ಕೋಷ್ಟಕದ ಮಾಮೂಲಿ ಸಾಲುಗಳ ಜೊತೆ ಇನ್ನೂ ಕೆಲವನ್ನು ಸಂಹಿತೆಯ ಆದೇಶ 20ಎ ಹೆಸರು ಹೇಳಿಯೇ ಸೇರಿಸುತ್ತದೆ. ಇದನ್ನು ಬಹಳ ಜನ ಕೇಳುವುದೇ ಇಲ್ಲ. ದಾವೆಗೆ ಮುಂಚೆ ಕೊಟ್ಟ ಲಾಯರ್ ನೋಟಿಸಿನ ಖರ್ಚು ಬರುತ್ತದೆ, ಆ ನೋಟಿಸ್ ಕಾನೂನಿನ ಪ್ರಕಾರ ಕಡ್ಡಾಯ ಆಗಿರಲಿ ಬಿಡಲಿ. ದಾವಾ ಪತ್ರ ಟೈಪು, ಪ್ರಿಂಟು ಮಾಡಿಸಿದ್ದು ಬರುತ್ತದೆ. ಕಡತ ಪರಿಶೀಲನೆಗೆ ಕಟ್ಟಿದ ಶುಲ್ಕ ಬರುತ್ತದೆ. ಕೋರ್ಟಿನ ಸಮನ್ಸ್ ಇಲ್ಲದೆ ನೀವೇ ಕರೆತಂದ ಸಾಕ್ಷಿಯ ಖರ್ಚೂ ಬರುತ್ತದೆ. ಅಪೀಲಿನಲ್ಲಾದರೆ ತೀರ್ಪು, ಡಿಕ್ರಿಯ ನಕಲಿಗೆ ಕೊಟ್ಟದ್ದು.

ಬರದೇ ಇರುವುದು: ಕಚೇರಿಗೆ ಅಲೆದ ಬಸ್ ಚಾರ್ಜು, ತಾಲ್ಲೂಕು ಪಂಚಾಯಿತಿ ಇಒ, ಜಿಲ್ಲಾ ಪಂಚಾಯಿತಿ ಸಿಇಒ, ಡಿಸಿ ಮುಂದಿನ ಮೇಲ್ಮನವಿಗೆ ಕೊಟ್ಟ ಫೀಸು, ಮನಸ್ಸಿಗಾದ ನೋವು. ನೋವಿಗೆ ಪರಿಹಾರ ಬೇಕಿದ್ದರೆ ಅದನ್ನು ದಾವೆಯಲ್ಲೇ ಪ್ರತ್ಯೇಕ ಪರಿಹಾರ ಅಂತ ಕೇಳಿ, ಕೋರ್ಟ್ ಫೀ ಕಟ್ಟಿ, ಸಾಕ್ಷ್ಯ ಕೊಟ್ಟು ಸಾಬೀತು ಮಾಡಬೇಕು. ಖರ್ಚಿನ ಪಟ್ಟಿಯಲ್ಲಿ ಅದನ್ನು ತುರುಕಲು ಆಗುವುದಿಲ್ಲ.

ನಮ್ಮ ವಕೀಲರಿಗೆ ಎಲ್ಲಾ ಕ್ಯಾಷ್ ಕೊಟ್ಟಿದ್ದೀವಿ, ರಸೀದಿ ತಗೊಂಡಿಲ್ಲ. ಈಗ ಕೇಳಿದ್ರೆ ಬೇಜಾರು ಮಾಡ್ಕೋತಾರೇನೋ?

ಬೇಜಾರು ಮಾಡಿಕೊಳ್ಳುವ ಪ್ರಮೇಯ ಇಲ್ಲ. ಫೀಸು ಬಂದಿದೆ ಅಂತ ವಕೀಲರು ಸಹಿ ಮಾಡಿ ಕೊಡುವ ಫೀಸ್ ಸರ್ಟಿಫಿಕೇಟ್ ಕೋರ್ಟಿನಲ್ಲಿ ಮಾಮೂಲಿ ಕಾಗದ. ಅದನ್ನು ವಾದ ಮುಗಿಯುವ ಹೊತ್ತಿಗೆ ಖರ್ಚಿನ ಮೆಮೊ (ಕೋರ್ಟಿಗೆ ಕೊಡುವ ಖರ್ಚಿನ ಪಟ್ಟಿ) ಜೊತೆ ಕಡತಕ್ಕೆ ಹಾಕಿಸಿ. ತೀರ್ಪು ಓದಿದ ಮೇಲೆ ಕೊಟ್ಟರೆ ಕೋಷ್ಟಕ ತುಂಬಿ ಮುಗಿದಿರುತ್ತದೆ. ಡಿಕ್ರಿಯನ್ನು ತೀರ್ಪಿನಿಂದ 15 ದಿನದೊಳಗೆ ಬರೆಯಬೇಕು ಅಂತ ನಿಯಮವಿದೆ, ಆ ಕಿಟಕಿ ತಪ್ಪಿಸಿಕೊಳ್ಳಬೇಡಿ. ಇನ್ನು ಮುಂದೆ ಕೊಡುವುದನ್ನು ಯುಪಿಐನಲ್ಲೋ ಚೆಕ್ಕಿನಲ್ಲೋ ಕೊಡಿ, ಅಷ್ಟೇ.

ಗೆದ್ರೆ ಬರೋ ದುಡ್ಡಲ್ಲಿ ಪಾಲು ಕೊಡಿ ಸಾಕು, ಈಗ ಫೀಸ್ ಬೇಡ ಅಂತಾರೆ ಒಬ್ರು. ಒಪ್ಪಿಕೊಳ್ಳಲಾ?

ಬೇಡ. ಫಲಿತಾಂಶದ ಮೇಲೆ ಫೀಸು ಗೊತ್ತು ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಕೈಯಲ್ಲಿ ದುಡ್ಡಿಲ್ಲ ಅನ್ನುವುದು ಸಮಸ್ಯೆಯಾದರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ಕೋರ್ಟ್ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ಅವರು ಕೊಡಬೇಕಾದ ಖರ್ಚನ್ನ ನಾನು ಕಟ್ಟೋ ಮನೆ ಕಂದಾಯದಲ್ಲಿ ವಜಾ ಮಾಡ್ಕೊಂಡ್ರೆ ಮುಗೀತಲ್ಲ?

ಯೋಚನೆ ಚೆನ್ನಾಗಿದೆ, ಕಂಪ್ಯೂಟರ್ ಒಪ್ಪುವುದಿಲ್ಲ. ಕಂದಾಯದ ತಂತ್ರಾಂಶಕ್ಕೆ ನಿಮ್ಮ ಡಿಕ್ರಿ ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಸಿಗುವ 5% ರಿಯಾಯಿತಿ ಹೋಗುತ್ತದೆ, ಆಮೇಲೆ ದಂಡ ಬೆಳೆಯುತ್ತದೆ, ಕೊನೆಗೆ ಸುಸ್ತಿದಾರರ ಪಟ್ಟಿಯಲ್ಲಿ ನಿಮ್ಮ ಹೆಸರು. ಕಂದಾಯ ಕಟ್ಟಿಬಿಡಿ. ಖರ್ಚನ್ನು ಬೇರೆಯಾಗಿ ವಸೂಲು ಮಾಡಿ.

## ಕೇಸ್ ನಡೆಯುತ್ತಿರುವಾಗ

ಖರ್ಚು ಬೇಕು ಅಂತ ಯಾವಾಗ ಕೇಳ್ಬೇಕು? ಗೆದ್ದ ಮೇಲೆ ಒಂದು ಅರ್ಜಿ ಹಾಕಿದ್ರೆ ಆಗಲ್ವಾ?

ದಾವಾ ಪತ್ರದ ಕೊನೆಯಲ್ಲಿ ನೀವು ಕೇಳುವ ಪರಿಹಾರಗಳ ಪಟ್ಟಿ ಇರುತ್ತದಲ್ಲ, ಅದರಲ್ಲೇ ಖರ್ಚು ಅಂತ ಇರಬೇಕು. ಇದನ್ನು ಎಲ್ಲ ವಕೀಲರೂ ರೂಢಿಯಿಂದ ಬರೆಯುತ್ತಾರೆ. ಮರೆತುಹೋಗುವುದು ಆಮೇಲಿನ ಹೆಜ್ಜೆ: ವಾದ ಮಾಡುವಾಗ ಖರ್ಚಿನ ಬಗ್ಗೆ ಎರಡು ಮಾತು ಆಡುವುದು, ಮೆಮೊ ಹಾಕುವುದು. 'ಪ್ರತಿವಾದಿ ಪುರಸಭೆಗೆ ಇಂಥ ತಾರೀಕು ನೋಟಿಸ್ ಕೊಟ್ಟಿದ್ದೆವು, ಉತ್ತರ ಬರಲಿಲ್ಲ, ಅಳತೆ ಮಾಡಿಸಿ ಅಂದೆವು, ಮಾಡಿಸಲಿಲ್ಲ, ಅದಕ್ಕೇ ಕೋರ್ಟಿಗೆ ಬರಬೇಕಾಯಿತು' ಅಂತ ಒಂದು ಪ್ಯಾರಾ ಲಿಖಿತ ವಾದದಲ್ಲಿ ಸೇರಿಸಿದರೆ ನ್ಯಾಯಾಧೀಶರಿಗೂ ಬರೆಯಲು ಆಧಾರ ಸಿಗುತ್ತದೆ. ಆದ್ದರಿಂದ ಮೊದಲ ಮನವಿಯಿಂದಲೇ ಟಪಾಲು ವಿಭಾಗದಲ್ಲಿ ಸೀಲು, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಸೀಲು ಇಲ್ಲದ ಮನವಿ ಕೊಟ್ಟೇ ಇಲ್ಲದ ಮನವಿ.

ಪ್ರತಿ ಸಲಾನೂ ಪಾಲಿಕೆ ವಕೀಲರು ವಾಯಿದೆ ತಗೋತಾರೆ. ಕೇಳಿದ್ರೆ ಕಡತ ಬಂದಿಲ್ಲ ಅಂತಾರೆ. ನಮ್ಮ ದಿನದ ಕೂಲಿ ಯಾರು ಕೊಡ್ತಾರೆ?

ಇದಕ್ಕೆ ಸೆಕ್ಷನ್ 35ಬಿ ಇದೆ, ಮತ್ತು ಇದು ಸೆಕ್ಷನ್ 35ಕ್ಕಿಂತ ಹರಿತ. ಗೊತ್ತುಪಡಿಸಿದ ದಿನ ಮಾಡಬೇಕಾದ್ದನ್ನು ಮಾಡದೆ ವಾಯಿದೆ ತೆಗೆದುಕೊಂಡ ಪಕ್ಷಕ್ಕೆ, ನೀವು ಆ ದಿನ ಬಂದದ್ದಕ್ಕೆ ಆದ ಖರ್ಚು ಕೊಡು ಅಂತ ಕೋರ್ಟ್ ಹೇಳಬಹುದು. ಮುಂದಿನ ತಾರೀಕಿಗೆ ಅದನ್ನು ಕೊಡದಿದ್ದರೆ ಆ ಪಕ್ಷಕ್ಕೆ ತನ್ನ ವಾದವನ್ನು ಮುಂದುವರಿಸುವ ಅವಕಾಶವೇ ಇರುವುದಿಲ್ಲ. ಕೇಸ್ ಮುಗಿಯುವವರೆಗೆ ಕಾಯಬೇಕಿಲ್ಲ, ಅಲ್ಲೇ ಕೈಗೆ ಬರುವ ದುಡ್ಡು. ಒಂದು ಪಕ್ಷಕ್ಕೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅನ್ನುವ ನಿಯಮವೂ ಆದೇಶ 17ರಲ್ಲಿದೆ. ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತದೆ ಅಂತ ಕೋರ್ಟ್ ಹಾಲಿನಲ್ಲಿ ಒಂದು ಬೆಳಿಗ್ಗೆ ಕೂತವರಿಗೆ ಗೊತ್ತು.

ಇಲ್ಲಿ ನಮ್ಮ ವಕೀಲರ ಸಂಕೋಚವೂ ಒಂದು ಕಾರಣ. ಎದುರಿನವರು ಅದೇ ಸಂಘದ ಗೆಳೆಯರು, ಇವತ್ತು ಅವರಿಗೆ ವಾಯಿದೆ ಬೇಕು, ನಾಳೆ ಇವರಿಗೆ. ಹಾಗಾಗಿ ಕಕ್ಷಿದಾರರೇ ಬಾಯಿ ಬಿಟ್ಟು 'ಈ ಸಲ ಕಾಸ್ಟ್ ಕೇಳಿ ಸಾರ್' ಅನ್ನಬೇಕು.

ನಾವು ಹೈಕೋರ್ಟಿಗೆ ಹೋದ ತಕ್ಷಣ ನಗರಸಭೆಯವರು ನೋಟಿಸ್ ವಾಪಸ್ ತಗೊಂಡ್ರು. ಕೇಸ್ ಮುಗೀತು ಅಂತಾರೆ. ನಮ್ಮ ಖರ್ಚು?

ತುಂಬಾ ನಡೆಯುವ ಸಂಗತಿ. ಒಡೆದು ಹಾಕುತ್ತೇವೆ ಅಂತ ನೋಟಿಸ್ ಅಂಟಿಸುತ್ತಾರೆ, ನೀವು ಸಾಲ ಮಾಡಿ ರಿಟ್ ಹಾಕುತ್ತೀರಿ, ಮೊದಲ ವಿಚಾರಣೆಗೇ ಅವರ ವಕೀಲರು ಎದ್ದು ನಿಂತು 'ನೋಟಿಸ್ ಹಿಂಪಡೆದಿದ್ದೇವೆ' ಅನ್ನುತ್ತಾರೆ, ಅರ್ಜಿ ಅನವಶ್ಯಕ ಅಂತ ಎರಡು ಸಾಲಿನಲ್ಲಿ ಮುಕ್ತಾಯ. ನಿಮಗೆ ಬೇಕಾದ್ದು ಸಿಕ್ಕಿತು, ಫೀಸು ಮಾತ್ರ ಹೋಯಿತು.

ಆ ಎರಡು ಸಾಲು ಬರೆಸುವ ಮುಂಚೆ ಮಾತಾಡಬೇಕು. ನಿಮ್ಮ ವಕೀಲರು ಮೂರು ವಿಷಯ ದಾಖಲಿಸಲು ಕೇಳಲಿ. ಅರ್ಜಿ ಹಾಕಿದ ಮೇಲೆಯೇ ನೋಟಿಸ್ ವಾಪಸ್ ಹೋಯಿತು ಅನ್ನುವುದು, ಅದೇ ಕಾರಣಕ್ಕೆ ಮತ್ತೆ ಕ್ರಮ ತೆಗೆದುಕೊಳ್ಳುವುದಾದರೆ ಮೊದಲು ವಿಚಾರಣೆಗೆ ಅವಕಾಶ ಕೊಡಬೇಕು ಅನ್ನುವುದು, ಮತ್ತು ಖರ್ಚು. ಮೂರನೆಯದು ಸಿಗದಿದ್ದರೂ ಮೊದಲೆರಡು ಸಿಕ್ಕರೆ ಮುಂದಿನ ಸಲದ ಖರ್ಚು ಉಳಿಯುತ್ತದೆ. ಇದೇ ಮಾತು ತಿರುಗಿಯೂ ಅನ್ವಯಿಸುತ್ತದೆ: ನೀವೇ ಕೋರ್ಟಿನ ಅನುಮತಿ ಇಲ್ಲದೆ ದಾವೆ ಬಿಟ್ಟುಬಿಟ್ಟರೆ ಪಂಚಾಯಿತಿಗೆ ಖರ್ಚು ಕೊಡು ಅಂತ ನಿಮಗೇ ಹೇಳಬಹುದು.

ಅವರು ಕೋರ್ಟಿಗೆ ಶುದ್ಧ ಸುಳ್ಳು ಹೇಳ್ಯಾರ್ರೀ. ರಸ್ತಾ ಇಲ್ಲದ ಜಾಗಾದಾಗ ರಸ್ತಾ ಐತಿ ಅಂದಾರ. ಇದಕ್ಕ ದಂಡ ಇಲ್ಲೇನು?

ಐತ್ರಿ, ಆದರೆ ಸಣ್ಣದು. ಗೊತ್ತಿದ್ದೂ ಸುಳ್ಳು ವಾದ ಹೂಡಿದ್ದಕ್ಕೆ ಸೆಕ್ಷನ್ 35ಎ ಅಡಿ ಪರಿಹಾರ ರೂಪದ ಖರ್ಚು ಕೇಳಬಹುದು. ಗರಿಷ್ಠ 3,000 ರೂಪಾಯಿ. ಸುಪ್ರೀಂ ಕೋರ್ಟ್ ಕೂಡ ಈ ಮಿತಿ ತೀರಾ ಕಡಿಮೆ ಅಂತ ಹೇಳಿದೆ. ಎರಡು ಷರತ್ತು ನೆನಪಿಡಿ: ಅವರ ವಾದ ಸುಳ್ಳು ಅಂತ ನೀವು ಆಕ್ಷೇಪ ಎತ್ತಿರಬೇಕು, ಮತ್ತು ಇದು ಅಪೀಲಿನಲ್ಲಿ ಸಿಗುವುದಿಲ್ಲ. ಮೊತ್ತ ಚಿಕ್ಕದಾದರೂ ಕೇಳಿ, ಯಾಕೆಂದರೆ 'ಸುಳ್ಳು ಅಂತ ಗೊತ್ತಿದ್ದೇ ಹೇಳಿದ್ದಾರೆ' ಅಂತ ನ್ಯಾಯಾಧೀಶರು ಒಮ್ಮೆ ಬರೆದರೆ ಆ ಸಾಲಿಗೆ ಮುಂದೆ ಇಲಾಖಾ ದೂರಿನಲ್ಲಿ ಬೆಲೆ ಬರುತ್ತದೆ.

ಲೋಕ ಅದಾಲತ್‌ನಲ್ಲಿ ರಾಜಿ ಮಾಡ್ಕೊಂಡ್ರೆ ಖರ್ಚು ಬಿಟ್ಟ ಹಾಗೇನಾ?

ರಾಜಿ ಪತ್ರದಲ್ಲಿ ಬರೆಯದಿದ್ದರೆ ಬಿಟ್ಟ ಹಾಗೆಯೇ. ಕಟ್ಟಿದ ಕೋರ್ಟ್ ಫೀ ಮಾತ್ರ ವಾಪಸ್ ಬರುತ್ತದೆ, ಅದು ಕಾನೂನಲ್ಲೇ ಇದೆ. ಉಳಿದದ್ದಕ್ಕೆ 'ಪ್ರತಿವಾದಿಯು ಖರ್ಚಿನ ಬಾಬ್ತು ಇಷ್ಟು ರೂಪಾಯಿಯನ್ನು ಇಂಥ ದಿನಾಂಕದೊಳಗೆ ವಾದಿಯ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು' ಅಂತ ಒಂದು ಷರತ್ತು ಹಾಕಿಸಿ. ಮೊತ್ತ, ದಿನಾಂಕ ಎರಡೂ ಇರಲಿ. ಲೋಕ ಅದಾಲತ್‌ನ ಆದೇಶದ ಮೇಲೆ ಅಪೀಲ್ ಇಲ್ಲ, ಹಾಗಾಗಿ ಬಂದ ದುಡ್ಡು ಗಟ್ಟಿ. ನೀರು ಪೂರೈಕೆ, ನೈರ್ಮಲ್ಯದಂಥ ಸಾರ್ವಜನಿಕ ಸೇವೆಯ ತಕರಾರಾದರೆ ಕೋರ್ಟಿಗೆ ಹೋಗುವ ಮುಂಚೆಯೇ ಖಾಯಂ ಜನತಾ ನ್ಯಾಯಾಲಯಕ್ಕೆ (ಪರ್ಮನೆಂಟ್ ಲೋಕ ಅದಾಲತ್) ಅರ್ಜಿ ಕೊಡಬಹುದು. ಅಲ್ಲಿ ಕೋರ್ಟ್ ಫೀಯೇ ಇಲ್ಲ.

ನಾನು ದುಬೈನಲ್ಲಿದ್ದೀನಿ, ಊರಲ್ಲಿ ಜಾಗದ ಕೇಸ್. ಸಾಕ್ಷಿ ಹೇಳೋಕೆ ಬಂದುಹೋದ ಫ್ಲೈಟ್ ಟಿಕೆಟ್ ಕೇಳಬಹುದಾ?

ಕೇಳಬಹುದು, ಪೂರ್ತಿ ಸಿಗುತ್ತದೆ ಅಂತ ಎಣಿಸಬೇಡಿ. 'ವಿಡಿಯೊದಲ್ಲಿ ಹೇಳಬಹುದಿತ್ತಲ್ಲ' ಅನ್ನುವ ಪ್ರಶ್ನೆ ಮೊದಲು ಬರುತ್ತದೆ. ತಮ್ಮನಿಗೋ ಭಾವನಿಗೋ ಜಿಪಿಎ (ನಿಮ್ಮ ಪರವಾಗಿ ನಡೆದುಕೊಳ್ಳುವ ಅಧಿಕಾರ ಪತ್ರ) ಕೊಟ್ಟು ಅವರಿಂದಲೇ ಸಾಕ್ಷಿ ಹೇಳಿಸಿದರೆ ಟಿಕೆಟ್ ಉಳಿಯುತ್ತದೆ ಅಂತ ಕೆಲವರು ಮಾಡುತ್ತಾರೆ. ನಿಮಗೆ ಮಾತ್ರ ಗೊತ್ತಿರುವ ಸಂಗತಿಗಳನ್ನು ಜಿಪಿಎದಾರ ಹೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಟಿಕೆಟ್ ಉಳಿಸಲು ಹೋಗಿ ಕೇಸೇ ಬಿದ್ದ ಉದಾಹರಣೆಗಳಿವೆ. ವಿಡಿಯೊ ಮೂಲಕ ಹೇಳಲು ಅನುಮತಿ ಕೇಳಿ ಅರ್ಜಿ ಹಾಕಿ. ಅದು ತಿರಸ್ಕೃತವಾಗಿ ನೀವೇ ಬರಬೇಕಾದರೆ ಆಗ ಟಿಕೆಟ್ಟಿನ ಮಾತಿಗೆ ಬಲ ಬರುತ್ತದೆ.

## ಆದೇಶ ಬಂದ ಮೇಲೆ

ತೀರ್ಪಲ್ಲಿ ಖರ್ಚಿನ ಸುದ್ದಿಯೇ ಇಲ್ಲ. ಕೊಡಿ ಅಂತಾನೂ ಇಲ್ಲ, ಬೇಡ ಅಂತಾನೂ ಇಲ್ಲ. ಈಗ?

ಮೊದಲು ತೀರ್ಪು, ಡಿಕ್ರಿ ಎರಡರ ದೃಢೀಕೃತ ನಕಲಿಗೂ ಅರ್ಜಿ ಹಾಕಿ. ತೀರ್ಪಿನಲ್ಲಿ 'ಖರ್ಚು ಸಮೇತ' ಅಂತ ಇದ್ದು ಡಿಕ್ರಿಯಲ್ಲಿ ಬಿಟ್ಟುಹೋಗಿದ್ದರೆ, ಅಥವಾ ಕೂಡಿಸಿದ್ದು ತಪ್ಪಾಗಿದ್ದರೆ, ಅದು ಬರವಣಿಗೆಯ ತಪ್ಪು. ಸೆಕ್ಷನ್ 152ರ ಅಡಿ ಅದೇ ಕೋರ್ಟಿನಲ್ಲಿ ತಿದ್ದಿಸಬಹುದು. ತೀರ್ಪಿನಲ್ಲೇ ಏನೂ ಇಲ್ಲ ಅಂದರೆ 30 ದಿನದೊಳಗೆ ಪುನರ್ ಪರಿಶೀಲನೆಗೆ ಅರ್ಜಿ ಹಾಕುವ ದಾರಿ ಇದೆ. ಖರ್ಚೊಂದಕ್ಕೇ ಅಪೀಲ್ ಹೋಗುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಖರ್ಚಿನ ತತ್ವದಲ್ಲೇ ದೊಡ್ಡ ತಪ್ಪಾಗಿದ್ದರೆ ಹೊರತು ಮೇಲಿನ ಕೋರ್ಟು ಕೈ ಹಾಕುವುದು ಅಪರೂಪ, ಸಿಗುವುದಕ್ಕಿಂತ ಅಪೀಲಿನ ಖರ್ಚೇ ಜಾಸ್ತಿ.

ಡಿಕ್ರಿ ತೋರಿಸಿದ್ರೆ ಪಿಡಿಒ 'ಅನುದಾನ ಇಲ್ಲ, ಸಭೇಲಿ ನಿರ್ಣಯ ಆಗ್ಬೇಕು' ಅಂತಾರೆ. ನಿಜಾನಾ?

ಅರ್ಧ ನಿಜ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರಬಾರದು ಅಂತ ಅವರು ಸಾಮಾನ್ಯ ಸಭೆಯಲ್ಲಿಟ್ಟು ಬಿಲ್ ಮಾಡುತ್ತಾರೆ, ಅದು ಅವರ ಒಳಗಿನ ಪದ್ಧತಿ. ಸಭೆ ನಿರ್ಣಯ ಮಾಡಲಿಲ್ಲ ಅಂತ ಕೋರ್ಟಿನ ಡಿಕ್ರಿ ಬಿದ್ದುಹೋಗುವುದಿಲ್ಲ. ಆದರೂ ಜಗಳ ಶುರು ಮಾಡುವ ಮುಂಚೆ ಅವರಿಗೆ ಬಿಲ್ ಮಾಡಲು ಸುಲಭವಾಗುವ ಹಾಗೆ ಒಂದು ಪತ್ರ ಕೊಡಿ. ಸರಿಯಾದ ಹೆಸರಿಗೆ ಇರಲಿ: ಗ್ರಾಮ ಪಂಚಾಯಿತಿಗೆ ಪಿಡಿಒ ಮತ್ತು ಅಧ್ಯಕ್ಷರು, ಪಟ್ಟಣ ಪಂಚಾಯಿತಿ ಮತ್ತು ಪುರಸಭೆಗೆ ಮುಖ್ಯಾಧಿಕಾರಿ, ನಗರಸಭೆಗೆ ಪೌರಾಯುಕ್ತರು, ಮಹಾನಗರ ಪಾಲಿಕೆಗೆ ಆಯುಕ್ತರು. ದಾವೆ ಸಂಖ್ಯೆ, ತೀರ್ಪಿನ ದಿನಾಂಕ, ಕೋಷ್ಟಕದ ಒಟ್ಟು ಮೊತ್ತ, ನಿಮ್ಮ ಬ್ಯಾಂಕ್ ಖಾತೆ ವಿವರ, ಜೊತೆಗೆ ಡಿಕ್ರಿಯ ದೃಢೀಕೃತ ನಕಲು. '30 ದಿನದೊಳಗೆ ಪಾವತಿಸಿ, ಇಲ್ಲದಿದ್ದರೆ ಅಮಲ್ಜಾರಿ ಅರ್ಜಿ ಹಾಕುತ್ತೇವೆ, ಅದರ ಖರ್ಚೂ ನಿಮ್ಮ ಮೇಲೆ' ಅಂತ ಕೊನೆಯ ಸಾಲು. (ಅಮಲ್ಜಾರಿ ಅಂದರೆ ಡಿಕ್ರಿಯನ್ನು ಕೋರ್ಟ್ ಮೂಲಕ ಜಾರಿ ಮಾಡಿಸುವುದು.) ಒಂದು ಪ್ರತಿ ಕೈಯಲ್ಲಿ ಕೊಟ್ಟು ಸೀಲು, ಇನ್ನೊಂದು ಸ್ಪೀಡ್ ಪೋಸ್ಟ್. (ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರಿನಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ.)

ಅನುದಾನ ಇಲ್ಲ ಅನ್ನುವ ಮಾತಿಗೆ ಒಂದು ಒಳ್ಳೆ ಮದ್ದು ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಕಟ್ಟಿ 'ಇದೇ ದಾವೆಯಲ್ಲಿ ನಿಮ್ಮ ಕಡೆಯ ವಕೀಲರಿಗೆ ಪಾವತಿಸಿದ ಶುಲ್ಕದ ಬಿಲ್ ಮತ್ತು ವೋಚರ್ ಪ್ರತಿ ಕೊಡಿ' ಅಂತ ಕೇಳಿ. ಸೋತ ಕೇಸಿನ ವಕೀಲರಿಗೆ ಕೊಡಲು ದುಡ್ಡಿತ್ತು, ಗೆದ್ದವರಿಗೆ ಕೊಡಲು ಇಲ್ಲ ಅನ್ನುವುದು ಕಾಗದದ ಮೇಲೆ ಬಂದರೆ ಸಭೆಯಲ್ಲಿ ಕೇಳುವ ಸದಸ್ಯರೂ ಸಿಗುತ್ತಾರೆ.

ಅಮಲ್ಜಾರಿ ಹಾಕಿದ್ರೆ ನಿಜಕ್ಕೂ ಆಫೀಸ್ ಕುರ್ಚಿ ಜಪ್ತಿ ಮಾಡ್ತಾರಾ?

ಮಾಡುತ್ತಾರೆ. ಭೂಸ್ವಾಧೀನ ಪರಿಹಾರ ಕೊಡದ ಕಚೇರಿಗಳ ಕಂಪ್ಯೂಟರ್, ಕುರ್ಚಿ, ಜೀಪು ಜಪ್ತಿಯಾದ ಸುದ್ದಿ ಜಿಲ್ಲಾ ಪುಟದಲ್ಲಿ ಆಗಾಗ ಓದಿರುತ್ತೀರಿ. ಕೋರ್ಟಿನ ಅಮೀನರು ವಾರಂಟ್ ಹಿಡಿದು ಬಂದು ವಸ್ತುಗಳ ಪಟ್ಟಿ ಬರೆಯಲು ಕೂತರೆ, ಅಷ್ಟರಲ್ಲಿ ಯಾರೋ ಮೇಲಿನವರಿಗೆ ಫೋನ್ ಮಾಡುತ್ತಾರೆ, ಇಂಥ ದಿನ ಕಟ್ಟುತ್ತೇವೆ ಅಂತ ಬರೆದುಕೊಡುತ್ತಾರೆ.

ಆದರೆ ಖರ್ಚಿನಂಥ ಚಿಕ್ಕ ಮೊತ್ತಕ್ಕೆ ಕುರ್ಚಿಗಿಂತ ಬ್ಯಾಂಕ್ ಖಾತೆ ಒಳ್ಳೆಯದು. ಯಾವ ಖಾತೆ ಅಂತ ಹೇಗೆ ಗೊತ್ತಾಗಬೇಕು ಅಂದರೆ, ನೀವು ಕಂದಾಯ ಕಟ್ಟಿದ ಚಲನ್ ತೆಗೆಯಿರಿ, ಬ್ಯಾಂಕ್ ಹೆಸರು ಅದರ ಮೇಲೇ ಇರುತ್ತದೆ. ಅದು ಸಂಸ್ಥೆಯ ಸ್ವಂತ ಆದಾಯದ ಖಾತೆ. ಸರ್ಕಾರದ ಯೋಜನೆಯ ಅನುದಾನ ಬೀಳುವ ಖಾತೆಯನ್ನು ಹೆಸರಿಸಿದರೆ 'ಇದು ಮೀಸಲು ಹಣ' ಅಂತ ತಕರಾರು ಬಂದು ಮತ್ತೆ ವಾಯಿದೆಗಳು. ಏನೂ ಗೊತ್ತಿಲ್ಲದಿದ್ದರೆ ಆಸ್ತಿ, ಖಾತೆಗಳ ಪ್ರಮಾಣಪತ್ರ ಸಲ್ಲಿಸಲು ಅವರಿಗೇ ಹೇಳಿ ಅಂತ ಆದೇಶ 21ರ ನಿಯಮ 41ರ ಅಡಿ ಕೇಳಬಹುದು.

ಹಣದ ಡಿಕ್ರಿಗೆ ಅಮಲ್ಜಾರಿ ಅವಧಿ 12 ವರ್ಷ. ಅಮಲ್ಜಾರಿಯನ್ನು 6 ತಿಂಗಳಲ್ಲಿ ಮುಗಿಸಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ನಮ್ಮ ಬೆಂಗಳೂರಿನ ಆಸ್ತಿ ವ್ಯಾಜ್ಯವೊಂದರಲ್ಲಿ. ಡಿಕ್ರಿ ಡಿಸಿ, ತಹಶೀಲ್ದಾರರ ಮೇಲೂ ಇದ್ದರೆ ಅವರ ಮಟ್ಟಿಗೆ 3 ತಿಂಗಳು ಕಾಯಬೇಕು, ಸೆಕ್ಷನ್ 82. ದುಡ್ಡು ಹೊರಗಡೆಯೇ ಬಂದುಬಿಟ್ಟರೆ ಕೋರ್ಟಿಗೆ ಒಂದು ಮೆಮೊ ಕೊಟ್ಟು ಮುಗಿಸಿ.

ಅವರು ಅಪೀಲ್ ಹಾಕಿದ್ದಾರಂತೆ. ಅಲ್ಲೀವರೆಗೂ ಕಾಯಬೇಕಾ?

ಅಪೀಲ್ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ತಡೆಯಾಜ್ಞೆ ಪ್ರತಿ ತೋರಿಸಿ ಅನ್ನಿ. ತೋರಿಸದಿದ್ದರೆ ಮುಂದುವರಿಯಿರಿ. ಆದರೆ ಅಪೀಲಿನಲ್ಲಿ ತೀರ್ಪು ತಿರುಗಿದರೆ ಪಡೆದ ಹಣ ಹಿಂದಿರುಗಿಸಬೇಕಾಗುತ್ತದೆ, ಸೆಕ್ಷನ್ 144. ಬಂದ ದುಡ್ಡನ್ನು ಸ್ವಲ್ಪ ದಿನ ಮುಟ್ಟದೆ ಇಟ್ಟಿರಿ.

ಮೂರು ವರ್ಷ ಸತಾಯಿಸಿ ಕೊಟ್ರು. ಬಡ್ಡಿ?

ಖರ್ಚಿನ ಮೇಲೆ 6% ಮೀರದಂತೆ ಬಡ್ಡಿ ಕೊಡಿಸುವ ಉಪವಿಧಿ ಸೆಕ್ಷನ್ 35ರಲ್ಲೇ ಇತ್ತು. 1956ರಲ್ಲಿ ತೆಗೆದುಹಾಕಿದರು. ಹಾಗಾಗಿ ಖರ್ಚಿನ ಬಾಬ್ತಿಗೆ ಬಡ್ಡಿ ನಿರೀಕ್ಷಿಸಬೇಡಿ. ಡಿಕ್ರಿಯಲ್ಲಿ ಅಸಲು ಹಣ, ಅಂದರೆ ಪರಿಹಾರವೋ ವಾಪಸ್ ಬರಬೇಕಾದ ಠೇವಣಿಯೋ ಇದ್ದರೆ ಅದರ ಬಡ್ಡಿ ಬೇರೆ ವಿಷಯ.

ನಮ್ಮ ಡಿಕ್ರಿ ಇರೋದು ಬಿಬಿಎಂಪಿ ಹೆಸರಲ್ಲಿ. ಈಗ ಬಿಬಿಎಂಪಿಯೇ ಇಲ್ವಲ್ಲ?

ಹೆಸರು ಹೋಯಿತು, ಬಾಕಿ ಹೋಗಲಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ಕ್ಕೆ ಜಾರಿಗೆ ಬಂತು, ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಿಮ್ಮ ಸ್ವತ್ತು ಯಾವ ಪಾಲಿಕೆ ವ್ಯಾಪ್ತಿಗೆ ಬಂದಿದೆ ಅಂತ ನೋಡಿಕೊಂಡು ಅಮಲ್ಜಾರಿಯಲ್ಲಿ ಆ ಪಾಲಿಕೆಯನ್ನು ಉತ್ತರಾಧಿಕಾರಿ ಅಂತ ಸೇರಿಸಿ. 'ಅದು ನಮ್ಮದಲ್ಲ, ಪಕ್ಕದ ಪಾಲಿಕೆಯದು' ಅನ್ನುವ ಉತ್ತರ ಬಂದರೆ ಬಾಯಿಮಾತಲ್ಲಿ ಬೇಡ, ಬರೆದುಕೊಡಿ ಅನ್ನಿ. ಬರೆದುಕೊಡುವುದು ಅವರಿಗೂ ಇಷ್ಟ ಇರುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಹೈಕೋರ್ಟ್ ರಿಟ್‌ನಲ್ಲಿ 25 ಸಾವಿರ ಖರ್ಚು ಅಂತ ಆದೇಶ ಆಯ್ತು. ಇದಕ್ಕೂ ಅಮಲ್ಜಾರಿನಾ?

ರಿಟ್ಟಿನಲ್ಲಿ ಖರ್ಚು ಸಿಗುವುದೇ ಕಡಿಮೆ, 'ಖರ್ಚಿನ ಬಗ್ಗೆ ಆದೇಶವಿಲ್ಲ' ಅನ್ನುವುದೇ ಮಾಮೂಲು. ಸಿಕ್ಕಿದ್ದರೆ ಆದೇಶವನ್ನು ಎರಡು ಸಲ ಓದಿ, ಯಾರಿಗೆ ಕೊಡಬೇಕು ಅಂತ ಇದೆ? ಎಷ್ಟೋ ಆದೇಶಗಳಲ್ಲಿ ಆ ಹಣ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗುತ್ತದೆ. ಪತ್ರಿಕೆಯಲ್ಲಿ 'ಪಾಲಿಕೆಗೆ ದಂಡ' ಅಂತ ಬಂದು ಅರ್ಜಿದಾರರ ಕೈಗೆ ಒಂದು ರೂಪಾಯಿಯೂ ಬರದಿರುವುದಕ್ಕೆ ಇದೇ ಕಾರಣ.

ನಿಮಗೇ ಕೊಡಬೇಕು ಅಂತ ಇದ್ದು ಕೊಡಲಿಲ್ಲ ಅಂದರೆ ನ್ಯಾಯಾಂಗ ನಿಂದನೆ ಅರ್ಜಿ. ನಮ್ಮ ಹೈಕೋರ್ಟಿನಲ್ಲಿ ಇದನ್ನು ಸಿಸಿಸಿ ಅನ್ನುತ್ತಾರೆ. ಬೆಂಗಳೂರು, ಧಾರವಾಡ, ಕಲಬುರಗಿ, ಆದೇಶ ಆದ ಪೀಠದಲ್ಲೇ ಹಾಕಿ. ಒಂದು ವರ್ಷದ ಗಡುವು ಕಟ್ಟುನಿಟ್ಟು, ಅಮಲ್ಜಾರಿಯ 12 ವರ್ಷದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿಂದನೆ ನೋಟಿಸ್ ಅಧಿಕಾರಿಯ ಹೆಸರಿಗೇ ಹೋಗುವುದರಿಂದ ದುಡ್ಡು ಬೇಗ ಬರುತ್ತದೆ ಅನ್ನುವುದು ಎಲ್ಲ ವಕೀಲರ ಅನುಭವ.

ಜನರ ತೆರಿಗೆ ದುಡ್ಡಿಂದ ಯಾಕೆ ಕೊಡಬೇಕು? ತಪ್ಪು ಮಾಡಿದ ಅಧಿಕಾರಿ ಜೇಬಿಂದ ಕೊಡಿಸೋಕೆ ಆಗಲ್ವಾ?

ಆಗುತ್ತದೆ, ಆದರೆ ಸುಲಭವಲ್ಲ. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ನಿಮ್ಮ ಮಾತನ್ನೇ ಆಡಿತು: ಅಧಿಕಾರಿಯ ದುರುದ್ದೇಶಕ್ಕೆ ಕೊಟ್ಟ ಪರಿಹಾರ ಕೊನೆಗೆ ತೆರಿಗೆದಾರನ ಮೇಲೆ ಬೀಳಬಾರದು, ಕಾರಣರಾದವರಿಂದ ವಸೂಲು ಮಾಡಿ ಅಂತ. ಇದನ್ನು ಬಳಸಬೇಕಾದರೆ ಅಧಿಕಾರಿಯನ್ನು ಹುದ್ದೆಯಿಂದಲ್ಲದೆ ಹೆಸರಿನಿಂದಲೂ ಪಕ್ಷಗಾರ ಮಾಡಬೇಕು, ದುರುದ್ದೇಶ ಏನು ಅಂತ ನಿರ್ದಿಷ್ಟವಾಗಿ ಬರೆಯಬೇಕು, ಅವರಿಗೆ ಉತ್ತರ ಕೊಡಲು ಅವಕಾಶ ಸಿಗಬೇಕು. ಸಿಟ್ಟಿಗೆ ಹೆಸರು ಸೇರಿಸಿದರೆ ಕೇಸ್ ಉದ್ದವಾಗುತ್ತದೆ ಅಷ್ಟೇ. ತಪ್ಪು ಲೆಕ್ಕ, ತಪ್ಪು ಅಳತೆ, ಸೋಮಾರಿತನ ಇವ್ಯಾವುದೂ ದುರುದ್ದೇಶ ಅಲ್ಲ. ಕಾಗದದಲ್ಲಿ ಸಾಬೀತಾಗುವ ಹಗೆತನ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಸಿವಿಲ್ ಕೋರ್ಟ್ ಬಿಟ್ಟು ಬೇರೆ ಕಡೆ ಹೋದ್ರೆ ಖರ್ಚು ಜಾಸ್ತಿ ಸಿಗುತ್ತಾ?

ಗ್ರಾಹಕ ಆಯೋಗದಲ್ಲಿ ಸಿಗುವ ಸಾಧ್ಯತೆ ಚೆನ್ನಾಗಿದೆ, ಆದೇಶದಲ್ಲಿ ಪರಿಹಾರ ಬೇರೆ, ವ್ಯಾಜ್ಯದ ಖರ್ಚು ಬೇರೆ ಅಂತ ಬರೆಯುವುದು ಅಲ್ಲಿನ ರೂಢಿ. 5 ಲಕ್ಷದವರೆಗೆ ಶುಲ್ಕ ಇಲ್ಲ. ಆದೇಶ ಪಾಲಿಸದಿದ್ದರೆ 1 ತಿಂಗಳಿಂದ 3 ವರ್ಷದವರೆಗೆ ಜೈಲು ಅಥವಾ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಆದರೆ ಅಲ್ಲಿಗೆ ಹೋಗಲು ನೀವು ಹಣ ಕೊಟ್ಟು ಸೇವೆ ಪಡೆದವರಾಗಿರಬೇಕು, ಉದಾಹರಣೆಗೆ ಅಭಿವೃದ್ಧಿ ಪ್ರಾಧಿಕಾರದಿಂದ ನಿವೇಶನ. ಕಂದಾಯದ ಜಗಳ ಅಲ್ಲಿ ನಿಲ್ಲುವುದಿಲ್ಲ.

ಮಾಹಿತಿ ಆಯೋಗ ನಿಮಗಾದ ನಷ್ಟಕ್ಕೆ ಪರಿಹಾರ ಕೊಡಿಸಬಹುದು. ಅಧಿಕಾರಿಗೆ ಹಾಕುವ 25 ಸಾವಿರದವರೆಗಿನ ದಂಡ ಮಾತ್ರ ಸರ್ಕಾರಕ್ಕೆ ಹೋಗುತ್ತದೆ. ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು ಅನ್ನುವ 'ಸಕಾಲ' ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿ, ಗರಿಷ್ಠ 500. ವಕೀಲರ ಫೀಸಿಗೆ ಅದು ಎಲ್ಲಿಗೂ ಸಾಲದು, ಆದರೆ ಅಧಿಕಾರಿಯ ಸಂಬಳದಿಂದ ಹೋಗುವುದರಿಂದ ಕಚೇರಿಯಲ್ಲಿ ಅದಕ್ಕೆ ಹೆದರಿಕೆ ಇದೆ.

ಇಂಗ್ಲೆಂಡಲ್ಲಿರೋ ನಮ್ಮಣ್ಣ ಹೇಳ್ತಾನೆ, ಅಲ್ಲಿ ಸೋತ ಕೌನ್ಸಿಲ್ ಲಾಯರ್ ಫೀಸ್ ಕೊಡ್ಲೇಬೇಕಂತೆ. ನಮ್ಮಲ್ಲಿ ಯಾಕಿಲ್ಲ?

ತತ್ವ ಎರಡೂ ಕಡೆ ಒಂದೇ, ಸೋತವರು ಕೊಡಬೇಕು. ಅಲ್ಲಿ ನಿಜವಾಗಿ ಕೊಟ್ಟ ಫೀಸಿನ ಬಿಲ್ಲನ್ನು ಸಾಲು ಸಾಲಾಗಿ ಪರಿಶೀಲಿಸಿ ನ್ಯಾಯಯುತವಾದಷ್ಟನ್ನು ಕೊಡಿಸುವ ವ್ಯವಸ್ಥೆ ಇದೆ, ನಮ್ಮಲ್ಲಿ ಹಳೇ ದರಪಟ್ಟಿ ಇದೆ. ಹಾಗಂತ ಅಲ್ಲೂ ಎಲ್ಲರಿಗೂ ಸಿಗುವುದಿಲ್ಲ. 10,000 ಪೌಂಡ್ ಒಳಗಿನ ಸಣ್ಣ ಹಣದ ದಾವೆಗಳಲ್ಲಿ ಗೆದ್ದರೂ ಸಾಮಾನ್ಯವಾಗಿ ವಕೀಲರ ಫೀಸು ಬರುವುದಿಲ್ಲ. ನಿಮ್ಮಣ್ಣನಿಗೆ ಇದನ್ನೂ ಹೇಳಿ.

ಉಳಿದ ಫೀಸಿಗೆ ಇನ್ನೊಂದು ದಾವೆ ಹಾಕ್ಲಾ?

ಮೊದಲ ಕೇಸಿನ ಖರ್ಚಿಗೆ ಎರಡನೇ ಕೇಸ್ ನಡೆಯುವುದಿಲ್ಲ. ಒಂದೇ ಒಂದು ಸಂದರ್ಭ ಬೇರೆ: ಸ್ಥಳೀಯ ಸಂಸ್ಥೆ ಹಗೆಯಿಂದ ನಿಮ್ಮ ಮೇಲೆ ಕ್ರಿಮಿನಲ್ ಕೇಸ್ ಹಾಕಿಸಿ, ನೀವು ಖುಲಾಸೆಯಾಗಿದ್ದರೆ, ದುರುದ್ದೇಶದ ಮೊಕದ್ದಮೆ ಅಂತ ಪರಿಹಾರ ಕೇಳಬಹುದು. ಆಗ ನಿಮ್ಮನ್ನು ಉಳಿಸಿಕೊಳ್ಳಲು ವಕೀಲರಿಗೆ ಕೊಟ್ಟ ಹಣವೂ ನಷ್ಟದಲ್ಲಿ ಸೇರುತ್ತದೆ. ಖುಲಾಸೆಯಾದ ದಿನದಿಂದ ಒಂದೇ ವರ್ಷದ ಅವಧಿ. ಸ್ಥಳೀಯ ಸಂಸ್ಥೆ ಮೇಲೆ ದಾವೆ ಹಾಕುವ ಮುಂಚೆ ನೋಟಿಸ್ ಕೊಟ್ಟು ಕಾಯಬೇಕಾದ ದಿನಗಳು ಆಯಾ ಕಾಯ್ದೆಯಲ್ಲಿ ಬೇರೆ ಬೇರೆ ಇವೆ, ಆ ವರ್ಷದೊಳಗೆ ಅದಕ್ಕೂ ಜಾಗ ಬಿಟ್ಟುಕೊಂಡು ವಕೀಲರನ್ನು ಬೇಗ ನೋಡಿ.

ನಾನೇ ಸೋತ್ರೆ ಅವರ ಖರ್ಚು ನನ್ನ ತಲೆ ಮೇಲೆ ಬರುತ್ತಾ?

ಬರಬಹುದು, ಅದೇ ಸೆಕ್ಷನ್ 35, ಅದೇ ಕೋಷ್ಟಕ. ದರಪಟ್ಟಿ ಕಡಿಮೆ ಇರುವುದು ಆಗ ನಿಮಗೆ ಅನುಕೂಲ. ಆದರೆ ಕೋರ್ಟಿನ ಆದೇಶ ಇಲ್ಲದೆ ಮುಂದಿನ ಕಂದಾಯದ ಬೇಡಿಕೆ ನೋಟಿಸಿನಲ್ಲಿ 'ಕಾನೂನು ವೆಚ್ಚ' ಅಂತ ಒಂದು ಸಾಲು ಸೇರಿಸಿ ಕಳಿಸಿದರೆ ಸುಮ್ನೆ ಕಟ್ಟಬೇಡಿ. ಯಾವ ಕಾಯ್ದೆ, ಯಾವ ಸೆಕ್ಷನ್, ಯಾವ ಕೋರ್ಟಿನ ಆದೇಶ ಅಂತ ಬರೆದು ಕೇಳಿ, ಕಂದಾಯದ ಭಾಗವನ್ನಷ್ಟೇ ಕಟ್ಟಿ, ಆ ಪತ್ರಕ್ಕೂ ಸೀಲು ಹಾಕಿಸಿಕೊಳ್ಳಿ.